ನಿಮ್ಮ 100 ರೂಪಾಯಿಯಲ್ಲಿ ರೈತರ ಪಾಲೆಷ್ಟು?

ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ನೀವು 100 ರೂಪಾಯಿಗೆ ಟೊಮೆಟೊ ತಗೊಂಡ್ರಿ. ಬೆಳೆದವರ ಕೈಗೆ ಅದರಲ್ಲಿ ಎಷ್ಟು ಸೇರುತ್ತೆ ಗೊತ್ತಾ?

ಸುಮಾರು 33 ರೂಪಾಯಿ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಇದು ಇಡೀ ದೇಶದ ಅಂದಾಜು, 2024ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಧ್ಯಯನದ್ದು.

ಉಳಿದದ್ದು ಎಲ್ಲಿ ಹೋಯ್ತು? ಲಾರಿ ಬಾಡಿಗೆ, ಹಮಾಲಿ, ಕೊಳೆತು ಹೋಗೋ ಮಾಲು, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಪಾಲು. ಬೀಜ, ಗೊಬ್ಬರ, ಔಷಧಿ, ಆಳುಗಳ ಕೂಲಿ, ಸಾಲದ ಬಡ್ಡಿ ಎಲ್ಲವನ್ನೂ ರೈತರು ಆ 33 ರೂಪಾಯಿಯಲ್ಲೇ ತೀರಿಸ್ಬೇಕು. ಬೇಸಾಯ ನಷ್ಟಕ್ಕೆ ಬೀಳೋದು ಬರಗಾಲದಲ್ಲಿ ಮಾತ್ರ ಅಲ್ಲ, ಬೆಳೆ ಚೆನ್ನಾಗಿ ಬಂದು ಬೆಲೆ ಕುಸಿದಾಗಲೂ!

ಇದಕ್ಕೊಂದು ದಾರಿಯನ್ನ ಬೆಂಗಳೂರು 1959ರಲ್ಲೇ ಕಂಡುಕೊಳ್ತು. ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಆಮೇಲೆ ಎಲ್ಲ ಹಣ್ಣು, ತರಕಾರಿಗೂ ಹರಡಿತು. ಅದೇ ಇವತ್ತಿನ ಹಾಪ್‌ಕಾಮ್ಸ್.

ವ್ಯವಸ್ಥೆ ಸರಳ. ಸಂಘ ಸದಸ್ಯ ರೈತರಿಂದ ನೇರವಾಗಿ ಖರೀದಿ ಮಾಡುತ್ತೆ, ತನ್ನದೇ ಮಳಿಗೆಗಳಲ್ಲಿ ಮಾರುತ್ತೆ. ನಡುವೆ ಕೈ ಬದಲಾವಣೆ ಕಡಿಮೆ. ದರದ ಪಟ್ಟಿ ಎಲ್ಲರ ಕಣ್ಣಿಗೂ ಕಾಣುತ್ತೆ.

ಆದರೆ ಸಂಘ ಎಷ್ಟು ಕೊಳ್ಳಬಹುದು ಅನ್ನೋದು ಎಷ್ಟು ಮಾರಾಟ ಆಗುತ್ತೆ ಅನ್ನೋದರ ಮೇಲೆ ನಿಂತಿದೆ. ಮಳಿಗೆಗೆ ಗಿರಾಕಿ ಬರದಿದ್ರೆ, ರೈತರ ಮಾಲು ಮತ್ತೆ ಮಂಡಿಗೇ ಹೋಗ್ಬೇಕು.

ರೈತರಿಗೆ ಬೇಕಿರೋದು ನಮ್ಮ ಅನುಕಂಪ ಅಲ್ಲ, ನಮ್ಮ ವ್ಯಾಪಾರ. ಈ ವಾರದ ತರಕಾರಿಯನ್ನ ನಿಮ್ಮ ಹತ್ತಿರದ ಹಾಪ್‌ಕಾಮ್ಸ್ ಮಳಿಗೆಯಿಂದ ತನ್ನಿ.