ದುಡ್ಡು ತಿದ್ದಿದರೆ ಸಾಲದು, ಮೊತ್ತವೂ ಕೂಡಬೇಕು

ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ಜಕಾರ್ಡ್ ಕಾರ್ಡಿನ ಒಂದು ತೂತು ತಪ್ಪಿದರೆ ಮಗ್ಗ ನಿಲ್ಲುವುದಿಲ್ಲ, ತಪ್ಪನ್ನೇ ನೇಯುತ್ತ ಹೋಗುತ್ತದೆ. ಸೆರಗಿನ ಹೂವು ಓರೆಯಾದದ್ದನ್ನು ನೇಕಾರರ ಕಣ್ಣೇ ಹಿಡಿಯಬೇಕು. ಅದೇ ಮನೆಯ ಹುಡುಗ ಕಂಪ್ಯೂಟರಿನಲ್ಲಿ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಆಟದ ಪ್ರಗತಿಯನ್ನು ಉಳಿಸಿಡುವ ಸೇವ್ ಫೈಲ್ ತೆರೆದು ದುಡ್ಡಿನ ಅಂಕಿ ತಿದ್ದಿದನೆನ್ನಿ. ಆಟ ಆ ಫೈಲನ್ನೇ ಒಪ್ಪುವುದಿಲ್ಲ. ಕೆಟ್ಟಿದೆ ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ.

2005ರ ಈ ಕಾರ್ ರೇಸ್ ಆಟದಲ್ಲಿ ‘ಬ್ಲ್ಯಾಕ್‌ಲಿಸ್ಟ್’ನ 15 ಮಂದಿ ಓಟಗಾರರನ್ನು ಒಬ್ಬೊಬ್ಬರಾಗಿ ಸೋಲಿಸಿ, ಕಳೆದುಕೊಂಡ ಬಿಎಂಡಬ್ಲ್ಯು ಕಾರು ಮರಳಿ ಗಳಿಸಬೇಕು. ಎಂಜಿನ್ನಿಗೂ ದುಡ್ಡು, ಟೈರಿಗೂ ದುಡ್ಡು. ಎತ್ತುಗಳ ತೆರಬಂಡಿ ಸ್ಪರ್ಧೆಗೆ ಊರೇ ನೆರೆಯುವ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಗೆಲ್ಲುವ ಆತುರವನ್ನು ಯಾರೂ ಕಲಿಸಿಕೊಡಬೇಕಿಲ್ಲ. ಒಬ್ಬನೇ ಕೂತು ಆಡುವ ಆಟದಲ್ಲಿ ತನ್ನ ಫೈಲು ತಾನು ತಿದ್ದಿಕೊಂಡರೆ ನನ್ನ ತಕರಾರೇನಿಲ್ಲ. ಆನ್‌ಲೈನ್ ಓಟದಲ್ಲಿ ಮಾತ್ರ ಎದುರಿಗೆ ಇನ್ನೊಬ್ಬನ ಬೆವರಿರುತ್ತದೆ.

ಫೈಲು ತಿದ್ದಲು ಹೊರಟವರು ಮೊದಲು ಎಡವುವುದು ಅಂಕಿ ಬರೆಯುವಾಗ. ಹತ್ತು ಸಾವಿರವೆಂದರೆ ಹದಿನಾರರ ಎಣಿಕೆಯಾದ ಹೆಕ್ಸ್ ಲೆಕ್ಕದಲ್ಲಿ 2710; ಫೈಲಿನಲ್ಲಿ ಅದು ಹಿಂದುಮುಂದಾಗಿ 10 27 00 00 ಎಂದು ಕೂತಿರುತ್ತದೆ. ನೇರವಾಗಿ ಹುಡುಕಿದವರಿಗೆ ಸಿಗುವುದೇ ಇಲ್ಲ. ಖಜಾನೆ ತುಂಬಲಿ ಎಂದು ನಾಲ್ಕೂ ಬೈಟುಗಳಿಗೆ ‘ಎಫ್‌ಎಫ್’ ತುಂಬಿದರೆ, ಋಣ ಸಂಖ್ಯೆಯನ್ನೂ ಓದುವ ಪ್ರೋಗ್ರಾಮಿಗೆ ಅದು ಮೈನಸ್ ಒಂದು! ಅಲ್ಲಿ ಗರಿಷ್ಠ ಮಿತಿ 2,14,74,83,647. ಇನ್ನು ಹಳೆಯ ಬೈಟಿನ ಮೇಲೆ ಬರೆಯದೆ ನಡುವೆ ಹೊಸದನ್ನು ತುರುಕಿದರೆ ಮುಂದಿನದೆಲ್ಲ ಒಂದೊಂದು ಮನೆ ಸರಿದು, ಫೈಲಿನ ಗಾತ್ರವೇ ಬದಲಾಗುತ್ತದೆ.

ಅಂಕಿ ಸರಿಯಾಗಿ ಬಿದ್ದರೂ ಫೈಲು ಕೆಟ್ಟಿಲ್ಲವೇ ಎಂದು ತಾಳೆ ನೋಡುವ ಮೊತ್ತ, ಅಂದರೆ ಚೆಕ್‌ಸಮ್ ಉಳಿದೇ ಇದೆ. ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಎಂಬ ಇನ್ನೊಂದು ಆಟದ ಸೇವ್ ಫೈಲಿನಲ್ಲಿ ಕೊನೆಯ ನಾಲ್ಕು ಬೈಟುಗಳು ಅದರ ಹಿಂದಿನ ಎಲ್ಲ ಬೈಟುಗಳ ಕೂಡಿಕೆ. ಶಾನುಭೋಗರ ಖಾತೆಯ ಅಡಿಮೊತ್ತದ ಹಾಗೆ. ಮೇಲೆ ಒಂದು ಸಾಲು ತಿದ್ದಿ ಕೆಳಗೆ ಬಿಟ್ಟರೆ ಸಿಕ್ಕಿಬೀಳುವುದು ಖಂಡಿತ. ಮೋಸ್ಟ್ ವಾಂಟೆಡ್‌ನಲ್ಲಿ ಲೆಕ್ಕ ಇನ್ನೂ ಜಟಿಲ, ಕೈಯಲ್ಲಿ ಕೂಡಿಸಲಾಗದು. ಅದಕ್ಕೆಂದೇ ಅಭಿಮಾನಿಗಳು ಬರೆದ ಸೇವ್ ಎಡಿಟರ್‌ಗಳಿವೆ. ಅಂಕಿ ತಿದ್ದಿದ ಮೇಲೆ ಮೊತ್ತವನ್ನೂ ಅವೇ ಸರಿಪಡಿಸುತ್ತವೆ.

ಈ ಕಾವಲು ಹುಡುಗರನ್ನು ಹಿಡಿಯಲಿಕ್ಕಷ್ಟೇ ಇಟ್ಟದ್ದಲ್ಲ. ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಫೈಲು ಅರ್ಧ ಹೊಸದು, ಅರ್ಧ ಹಳೆಯದಾಗಿ ಉಳಿಯಬಹುದು. ಕಳ್ಳ ಕೈ ಯಾವುದು, ಲೋಡ್ ಶೆಡ್ಡಿಂಗ್ ಯಾವುದು ಎಂದು ಆಟಕ್ಕೆ ತಿಳಿಯದು. ಎರಡಕ್ಕೂ ಒಂದೇ ಶಿಕ್ಷೆ.

ಹಾಗಾಗಿ ತಿದ್ದುವ ಮುಂಚೆ ಫೈಲಿನ ನಕಲನ್ನು ಬೇರೆ ಫೋಲ್ಡರಿನಲ್ಲಿ ಇಡಬೇಕು, ಆಟವನ್ನು ಪೂರ್ತಿ ಮುಚ್ಚಿರಬೇಕು. ಒಮ್ಮೆಗೆ ಒಂದೇ ಅಂಕಿ ಬದಲಿಸಿ ತೆರೆದು ನೋಡಿದರೆ ಕೆಟ್ಟದ್ದು ಎಲ್ಲಿ ಎಂಬುದು ಗೊತ್ತಾಗುತ್ತದೆ. ಎಲ್ಲ ಸರಿಯಿದ್ದೂ ಹಳೆಯ ದುಡ್ಡೇ ಕಾಣುತ್ತಿದ್ದರೆ ಸೇವ್ ಫೈಲಿರುವ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಸರಿದಿದೆಯೇ ನೋಡಿ: ನೀವು ತಿದ್ದಿದ್ದು ಒಂದು ಪ್ರತಿ, ಆಟ ಓದುತ್ತಿರುವುದು ಇನ್ನೊಂದು ಆಗಿರಬಹುದು.