ಟ್ರೈಕೊಮೋನಿಯಾಸಿಸ್ ಪಾಠದಲ್ಲಿ ಪುರುಷರ ಬಗ್ಗೆ ಏನು ಹೇಳಬೇಕು?

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಸಂತಾನೋತ್ಪತ್ತಿ ಆರೋಗ್ಯದ ಅಧ್ಯಾಯದಲ್ಲಿ ಟ್ರೈಕೊಮೋನಿಯಾಸಿಸ್, ಲೈಂಗಿಕವಾಗಿ ಹರಡುವ ರೋಗಗಳ ಪಟ್ಟಿಯಲ್ಲಿ ಬರುವ ಒಂದು ಹೆಸರು ಮಾತ್ರ. ರೋಗಕಾರಕದ ಹೆಸರು ಟ್ರೈಕೊಮೊನಾಸ್ ವಜೈನಾಲಿಸ್ ಆಗಿರುವುದರಿಂದ ಇದು ಹೆಂಗಸರ ಕಾಯಿಲೆ ಎಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ. ಈ ತಪ್ಪು ಕಲ್ಪನೆಯನ್ನು ತರಗತಿಯಲ್ಲೇ ತಿದ್ದಬೇಕು. ಏಕೆಂದರೆ ಚಿಕಿತ್ಸೆ ವಿಫಲವಾಗಲು ಇದೇ ಕಾರಣವಾಗಬಹುದು.

ಟ್ರೈಕೊಮೊನಾಸ್ ಕಶಾಂಗಗಳಿಂದ ಚಲಿಸುವ ಏಕಕೋಶ ಪರಾವಲಂಬಿ. ಪುರುಷರಲ್ಲಿ ಇದು ಮೂತ್ರನಾಳದಲ್ಲಿ, ಕೆಲವೊಮ್ಮೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ನೆಲೆಸುತ್ತದೆ. ಕೆಲವರಿಗೆ ಉರಿಮೂತ್ರ ಅಥವಾ ತೆಳುವಾದ ಸ್ರಾವ ಕಾಣಿಸುತ್ತದೆ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದರೂ ಅವರಿಂದ ಸೋಂಕು ಹರಡುತ್ತದೆ.

ಪತ್ತೆ ಹಚ್ಚುವುದೂ ಸುಲಭವಲ್ಲ. ಸ್ರಾವವನ್ನು ಲವಣದ್ರಾವಣದೊಂದಿಗೆ ಸ್ಲೈಡ್ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನದಲ್ಲಿ ಜೀವಿಯನ್ನು ಗುರುತಿಸುವುದು ಅದರ ಚಲನೆಯಿಂದ. ಪುರುಷರ ಮಾದರಿಯಲ್ಲಿ ಜೀವಿಗಳ ಸಂಖ್ಯೆ ಕಡಿಮೆ. ತಡವಾದರೆ ಚಲನೆಯೂ ನಿಲ್ಲುತ್ತದೆ. ಆದ್ದರಿಂದ ‘ಕಾಣಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ. ಜೀವಿಯ ನ್ಯೂಕ್ಲಿಯಿಕ್ ಆಮ್ಲವನ್ನು ವರ್ಧಿಸಿ ಗುರುತಿಸುವ ಪರೀಕ್ಷೆ ಹೆಚ್ಚು ನಂಬಲರ್ಹ.

ಔಷಧಿ ಮಾತ್ರ ಸರಳ. ವೈದ್ಯರು ಪುರುಷರಿಗೆ ಸಾಮಾನ್ಯವಾಗಿ 2 ಗ್ರಾಂ ಮೆಟ್ರೊನಿಡಜೋಲನ್ನು ಒಂದೇ ಬಾರಿಗೆ ಕೊಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಹಸಿರು ಬಣ್ಣದ ಕಿಟ್‌ನಲ್ಲಿ ಅದೇ ಗುಂಪಿನ ಸೆಕ್ನಿಡಜೋಲ್ 2 ಗ್ರಾಂ ಇರುತ್ತದೆ. ಸಂಗಾತಿಗಳಿಬ್ಬರೂ ಔಷಧಿ ತೆಗೆದುಕೊಂಡು, ಇಬ್ಬರೂ ಗುಣವಾಗುವವರೆಗೆ ಲೈಂಗಿಕ ಸಂಪರ್ಕದಿಂದ ದೂರವಿರಬೇಕು. ಒಮ್ಮೆ ಬಂದುಹೋದ ಸೋಂಕು ಶಾಶ್ವತ ರೋಗನಿರೋಧಕತೆ ಕೊಡುವುದಿಲ್ಲ.

ಇದು ನಮ್ಮ ಊರಿಗೂ ಸಂಬಂಧಿಸಿದ ವಿಷಯ. 2005-06ರಲ್ಲಿ ಮೈಸೂರಿನಲ್ಲಿ 898 ಯುವತಿಯರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಶೇ. 8.5ರಷ್ಟು ಮಂದಿಯಲ್ಲಿ ಈ ಸೋಂಕು ಕಂಡುಬಂತು. ಆ ಲೆಕ್ಕದಲ್ಲಿ ಅವರ ಗಂಡಂದಿರು ಇಲ್ಲ.

ಪಾಠದ ಕೊನೆಗೆ ವ್ಯಾಖ್ಯೆ ಕೇಳುವುದಕ್ಕಿಂತ ಈ ಪ್ರಶ್ನೆ ಕೇಳಬಹುದು: ‘ಹೆಂಡತಿ ಮಾತ್ರೆ ತೆಗೆದುಕೊಂಡು ಗುಣವಾದಳು. ನನಗೇನೂ ಆಗಿಲ್ಲ ಎಂದು ಗಂಡ ಆಸ್ಪತ್ರೆಗೆ ಹೋಗಲಿಲ್ಲ. ಮುಂದೇನಾಗಬಹುದು?’ ಮರುಸೋಂಕು ಎಂಬ ಉತ್ತರವನ್ನು ವಿದ್ಯಾರ್ಥಿಗಳೇ ತಲುಪಿದರೆ, ಗುಣವಾದವಳಿಗೆ ಸೋಂಕು ಮತ್ತೆ ಬಂದಾಗ ತಪ್ಪನ್ನು ಅವಳ ಮೇಲೆ ಹೊರಿಸುವ ರೂಢಿಯನ್ನೂ ಅವರು ಪ್ರಶ್ನಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಉಚಿತ, ವಿಷಯ ಗೋಪ್ಯವಾಗಿರುತ್ತದೆ ಎಂಬ ಮಾಹಿತಿಯನ್ನು ಕಪ್ಪುಹಲಗೆಯ ಮೇಲೆ ಬರೆದೇ ಪಾಠ ಮುಗಿಸುವುದು ಒಳಿತು.