ಎಲ್ಲರಿಗೂ ಒಂದೇ ಪುಸ್ತಕವೇ? ಸಂಖದ ಮಾಸ್ತರನ ಮಾತು

ಜೂನ್ ಬಂತೆಂದರೆ ಚಡಚಣ, ಇಂಡಿ ಕಡೆ ಕೊಟ್ಟ ನಮ್ಮೂರ ಹೆಣ್ಣುಮಕ್ಕಳು ತವರಿನಿಂದ ಗಂಟುಮೂಟೆ ಕಟ್ಟುತ್ತಾರೆ. ಅಲ್ಲಿ ಸಾಲಿ ಸುರುವಾಗಿರುತ್ತದೆ. ಗಡಿಯ ಈಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ನಮ್ಮ ಸಂಖದ ಹುಡುಗರಿಗೆ ಇನ್ನೂ ಸೂಟಿ. ಎರಡೂ ಕಡೆ ಮನೆಮಾತು ಕನ್ನಡ, ನಡೆದುಕೊಳ್ಳುವ ದೇವರು ಗುಡ್ಡಾಪುರದ ದಾನಮ್ಮ. ಆದರೆ ಆ ಮಕ್ಕಳ ಪುಸ್ತಕ ಬೆಂಗಳೂರಿನದು, ಈ ಮಕ್ಕಳದು ಪುಣೆಯ ಬಾಲಭಾರತಿಯದು.

"ದೇಶಕ್ಕೆಲ್ಲಾ ಒಂದ ಪುಸ್ತಕ ಮಾಡಿದ್ರ ಈ ತಂಟೆನ ಇರೂದಿಲ್ಲಲ್ರೀ ಮಾಸ್ತರ" ಎಂದು ಚಹಾದಂಗಡಿಯಲ್ಲಿ ಯಾರಾದರೂ ಕೇಳುವುದುಂಟು. ಕನ್ನಡ ಸಾಲಿಯಲ್ಲಿ ಪಾಠ ಹೇಳಿ ನಿವೃತ್ತನಾದವ ನಾನು. ಸುಲಭಕ್ಕೆ ಹೂಂ ಅನ್ನಲಾರೆ.

ಪಠ್ಯಕ್ರಮ ಬೇರೆ, ಪಠ್ಯಪುಸ್ತಕ ಬೇರೆ. ಯಾವ ಇಯತ್ತೆ ಮುಗಿಸಿದ ಮಗುವಿಗೆ ಏನು ಬರಬೇಕು ಎಂಬುದು ಮೊದಲನೆಯದು. ಅದನ್ನು ಯಾವ ಕತೆ, ಯಾವ ಉದಾಹರಣೆ ಹಿಡಿದು ಕಲಿಸಬೇಕು ಎಂಬುದು ಎರಡನೆಯದು. ಸಂವಿಧಾನ ಜಾರಿಗೆ ಬಂದಾಗ ಶಿಕ್ಷಣ ರಾಜ್ಯಗಳ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ ಸಮವರ್ತಿ ಪಟ್ಟಿಗೆ ತಂದಿತು. 1961ರಲ್ಲಿ ಹುಟ್ಟಿದ ಕೇಂದ್ರದ ಎನ್‌ಸಿಇಆರ್‌ಟಿ ದೇಶಕ್ಕೆಲ್ಲ ಪಠ್ಯಕ್ರಮದ ಚೌಕಟ್ಟು ಹಾಕಿಕೊಡುತ್ತ ಬಂದಿದೆ, ಈಚಿನದು 2023ರದು. ಅದರೊಳಗೆ ಪುಸ್ತಕ ಬರೆಸುವುದು ರಾಜ್ಯಗಳ ಕೆಲಸ.

ಪುಸ್ತಕವೂ ಒಂದೇ ಆಗಲಿ ಎನ್ನುವವರು ಬಾಲಭಾರತಿಯನ್ನೇ ನೋಡಲಿ. 1967ರಿಂದ ಇರುವ ಈ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡ, ಉರ್ದು, ಗುಜರಾತಿ ಮಾಧ್ಯಮಗಳಿಗೂ ಪುಸ್ತಕ ತರುತ್ತದೆ. ನಾಲ್ಕನೆಯ ಇಯತ್ತೆಯ ಇತಿಹಾಸವೆಂದರೆ ರಾಜ್ಯಕ್ಕೆಲ್ಲ ಒಂದೇ, ಶಿವಾಜಿ ಮಹಾರಾಜರ ಚರಿತ್ರೆ. ಅದೇ ಬಾಲಭಾರತಿ ಮೂರನೆಯ ಇಯತ್ತೆಯ ಪರಿಸರ ಅಭ್ಯಾಸವನ್ನು ಮಾತ್ರ ಜಿಲ್ಲೆಗೊಂದು ಆವೃತ್ತಿಯಾಗಿ ಅಚ್ಚು ಹಾಕಿದೆ. ಕೊಂಕಣದ ಭತ್ತದ ಗದ್ದೆಗೂ ನಮ್ಮ ಜತ್ತದ ಬರದ ನೆಲಕ್ಕೂ ಒಂದು ಪುಸ್ತಕ ಸಾಲದೆಂದು ಒಂದು ರಾಜ್ಯಕ್ಕೇ ಅನಿಸಿದ ಮೇಲೆ ಇಡೀ ದೇಶಕ್ಕೆ ಒಂದು ಹೇಗೆ ಸಾಕಾದೀತು?

ಭಾಷೆಯ ಹೊರೆಯೂ ಎಲ್ಲ ಮಕ್ಕಳಿಗೆ ಒಂದೇ ಅಲ್ಲ. 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರಕಾರ ಮರಾಠಿ, ಇಂಗ್ಲಿಷ್ ಮಾಧ್ಯಮಗಳಿಗೆ ಒಂದನೆಯ ಇಯತ್ತೆಯಿಂದ ಹಿಂದಿ ಸೇರಿಸಿತು. ಎಳೆಯ ಮಕ್ಕಳಿಗೆ ಮೂರು ಭಾಷೆಯ ಹೊರೆ ಎಂದು ಮುಂಬಯಿ ಪುಣೆಗಳಲ್ಲಿ ಗದ್ದಲವೆದ್ದು, ಜೂನ್ 29ರಂದು ಆದೇಶ ಹಿಂದೆ ಸರಿಯಿತು. ನಮ್ಮ ಕನ್ನಡ ಸಾಲಿಯ ಮಕ್ಕಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಒಂದನೆಯದರಿಂದಲೇ ಹೊತ್ತಿದ್ದಾರೆ. ಅವರ ಬೆನ್ನನ್ನು ಯಾವ ಟೀವಿಯೂ ಮುಟ್ಟಿ ನೋಡಲಿಲ್ಲ!

ಪುಸ್ತಕಕ್ಕಿಂತ ಮೊದಲು ಮಾಸ್ತರರ ಮಾತು ಬರಬೇಕಿತ್ತು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಆದರೂ 2024ರಲ್ಲಿ ಜತ್ತ ತಾಲ್ಲೂಕಿನ ಕನ್ನಡ ಸಾಲಿಗಳಿಗೆ ಮರಾಠಿ ಶಿಕ್ಷಕರನ್ನು ನೇಮಿಸಿದ್ದು ದೊಡ್ಡ ಸುದ್ದಿಯಾಯಿತು. ದಿಲ್ಲಿಯಿಂದ ಪುಸ್ತಕ ಬಂದಿದ್ದರೂ ಅದನ್ನು ಬಿಡಿಸಿ ಹೇಳುವವರು ಅವರೇ.

ಹಾಗೆಂದು ಒಂದೇತನ ಎಲ್ಲಿಯೂ ಬೇಡವೆನ್ನಲಾರೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ಓದಿದ ಕನ್ನಡದ ಮಕ್ಕಳಿಗೆ ಕರ್ನಾಟಕದ ಸಿಇಟಿ ಮೂಲಕ ಸೀಟು ಪಡೆಯುವ ಅರ್ಹತೆಯಿದೆ. ಆದರೆ ಪರೀಕ್ಷೆ ಕರ್ನಾಟಕದ ಪಿಯು ಪಠ್ಯದ ಮೇಲೆ, ನಮ್ಮ ಹುಡುಗ ಓದಿದ್ದು ಮಹಾರಾಷ್ಟ್ರದ ಹನ್ನೆರಡನೆಯದು. ನೀಟ್ ಅಂತೂ ದೇಶಕ್ಕೇ ಒಂದು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಗಡಿಯಿಲ್ಲ. ಇವುಗಳಲ್ಲಿ ಯಾವ ತರಗತಿಗೆ ಯಾವ ಪಾಠ ಎಂಬುದನ್ನಾದರೂ ಬೆಂಗಳೂರು, ಪುಣೆಯವರು ಕೂತು ಹೊಂದಿಸಿಕೊಳ್ಳಲಿ. ಮೂರನೆಯ ಇಯತ್ತೆಯ ಪುಸ್ತಕವನ್ನು ಸಾಂಗ್ಲಿ ಜಿಲ್ಲೆಗೇ ಬಿಡಲಿ.